ಬುದ್ಧಿಹಲ್ಲು: ಕೀಳಿಸಬೇಕೆ, ಬಿಡಬೇಕೆ?

ಮನುಷ್ಯನಿಗೆ ಹಲ್ಲುಗಳು ಮೂವತ್ತೆರಡು ಎಂದು ನಾವೆಲ್ಲ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು ಕನ್ನಡಿಯ ಮುಂದೆ ನಿಂತು ಎಣಿಸಿದರೆ ಅವನಿಗೆ ಸಾಮಾನ್ಯವಾಗಿ ಸಿಕ್ಕುವುದು ೨೮. ಮಿಕ್ಕ ನಾಲ್ಕು, ದವಡೆಗಳ ನಾಲ್ಕು ಕೊನೆಗಳಲ್ಲಿ, ೧೭ರಿಂದ ೨೫ ವರ್ಷದೊಳಗೆ ಹುಟ್ಟುತ್ತವೆ. ಬುದ್ಧಿ ಬಲಿಯುವ ವಯಸ್ಸಿನಲ್ಲಿ ಬರುವುದರಿಂದ ಅವಕ್ಕೆ ಬುದ್ಧಿಹಲ್ಲು ಎಂದು ಹೆಸರು. ಪಿ.ಯು.ಸಿ. ಹಾಗೂ ಪದವಿ ಪರೀಕ್ಷೆಗಳೂ ಅದೇ ವಯಸ್ಸಿನಲ್ಲಿ ಬರುವುದು ಕೇವಲ ಕಾಕತಾಳೀಯ; ಎರಡೂ ಒಮ್ಮೆಗೇ ಬಂದಾಗ ಆಗುವ ಕಷ್ಟ ಮಾತ್ರ ಕಾಕತಾಳೀಯವಲ್ಲ.

ಈಚೆಗೆ ಹೊಳೆನರಸೀಪುರದಲ್ಲಿ ನಾವು ಪಾಠ ಹೇಳುವ ಕಾಲೇಜಿನ ಪ್ರಾಯೋಗಿಕ ಪರೀಕ್ಷೆಗೆ ವಿದ್ಯಾರ್ಥಿನಿಯೊಬ್ಬಳು ಎಡಗೆನ್ನೆ ಊದಿಸಿಕೊಂಡು ಬಂದಳು. ಅರಕಲಗೂಡಿನ ಕಡೆಯ ಹಳ್ಳಿಯವಳು. ಬಾಯಿ ಎರಡು ಬೆರಳಿನಷ್ಟೂ ತೆರೆಯದು. ಹಲ್ಲು ಕೀಳಿಸಿದರೆ ಕಣ್ಣಿಗೆ ಕೇಡು ಎಂದು ಊರಿನಲ್ಲಿ ಅಜ್ಜಿ ಹೇಳಿದ್ದರಂತೆ. ನಾಲ್ಕನ್ನೂ ಒಟ್ಟಿಗೆ ಕೀಳಿಸಿಬಿಡು, ಪೀಡೆ ಹೋಗಲಿ ಎಂದು ಹಾಸ್ಟೆಲಿನ ಗೆಳತಿ. “ಏನು ಮಾಡಲಿ, ಸಾರ್?” ಎಂದು ಅವಳು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ವೈದ್ಯರಲ್ಲ, ಭೌತಶಾಸ್ತ್ರದ ಅಧ್ಯಾಪಕರು. ಆದರೂ ಓದುತ್ತ ಹೋದಂತೆ, ಈ ಪ್ರಶ್ನೆಯೊಳಗೆ ನಮ್ಮ ಶಾಸ್ತ್ರವೂ ಅಡಗಿದೆಯೆಂದು ಕಂಡಿತು.

ಕೊನೆಗೆ ಬಂದವನಿಗೆ ಪಂಕ್ತಿಯಲ್ಲಿ ಎಲೆ ಸಿಕ್ಕದಿರುವಂತೆ, ಕೊನೆಗೆ ಬಂದ ಹಲ್ಲಿಗೆ ದವಡೆಯಲ್ಲಿ ಜಾಗ ಸಾಲದೆ ಹೋಗುವುದುಂಟು. ನಾವು ಬೇಯಿಸಿದ ಮೆತ್ತನೆಯ ಆಹಾರ ತಿನ್ನುವುದರಿಂದ ದವಡೆ ಪೂರ್ತಿ ಬೆಳೆಯುವುದಿಲ್ಲವೆಂಬುದು ಇದಕ್ಕೆ ಕೆಲವರು ಕೊಡುವ ಕಾರಣ. ಹೈರಾಕ್ಸ್ ಎಂಬ ಮೊಲದ ಗಾತ್ರದ ಪ್ರಾಣಿಗಳಿಗೆ ಬೇಯಿಸಿದ ಆಹಾರವನ್ನೇ ಕೊಟ್ಟು ಬೆಳೆಸಿದಾಗ, ಹಸಿಯದನ್ನೂ ಒಣಗಿದ್ದನ್ನೂ ಅಗಿದು ಬೆಳೆದವುಗಳಿಗಿಂತ ಅವುಗಳ ಮುಖದ ಕೆಲವು ಭಾಗಗಳು ಶೇಕಡ ಹತ್ತರಷ್ಟು ಕಡಮೆ ಬೆಳೆದುದನ್ನು ೨೦೦೪ರಲ್ಲಿ ಪ್ರಕಟಿಸಿದ್ದಾರೆ. ಮುದ್ದೆಯನ್ನು ಅಗಿಯದೆ ನುಂಗುವ ನಮ್ಮ ಸೀಮೆಯವರು ಇದನ್ನು ಓದಿ ಗಾಬರಿಯಾಗಬೇಕಿಲ್ಲ; ಜೊತೆಗೆ ಅವರೆಕಾಳು, ಕಬ್ಬು ಅಗಿಯುವವರೂ ನಾವೇ. ವಂಶಗುಣದ ಪಾತ್ರವೂ ಇದೆ. ಜಗತ್ತಿನಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಒಂದಾದರೂ ಬುದ್ಧಿಹಲ್ಲು ಮೂಲದಲ್ಲೇ ಇರುವುದಿಲ್ಲ.

ಜಾಗವಿಲ್ಲದ ಹಲ್ಲು ಏನು ಮಾಡೀತು? ಮುಂದಿನ ದವಡೆಹಲ್ಲಿನ ಕಡೆಗೆ ವಾಲಿ ಅದಕ್ಕೆ ಒರಗಿ ನಿಲ್ಲುತ್ತದೆ, ಅಥವಾ ಅರ್ಧ ಮಾತ್ರ ಹೊರಬಂದು ಅರ್ಧ ಒಸಡಿನ ಮರೆಯಲ್ಲಿ ಉಳಿಯುತ್ತದೆ. ಆ ಒಸಡಿನ ಮಡಿಕೆಯ ಕೆಳಗೆ ಅನ್ನದ ಅಗುಳು ಸೇರಿ, ಬ್ಯಾಕ್ಟೀರಿಯಗಳು ಬೆಳೆದು, ಬಾವು ಬರುತ್ತದೆ. ನಮ್ಮ ವಿದ್ಯಾರ್ಥಿನಿಗೆ ಆದದ್ದು ಇದೇ. ಇದಕ್ಕಿಂತ ಮೋಸದ ಕೆಡುಕು ಇನ್ನೊಂದು: ಒರಗಿ ನಿಂತ ಹಲ್ಲಿನ ಸಂದಿಯನ್ನು ಉಜ್ಜಿ ತೊಳೆಯಲಾಗದೆ, ಮುಂದಿರುವ ಒಳ್ಳೆಯ ದವಡೆಹಲ್ಲೇ ನೋವಿಲ್ಲದೆ ಹುಳುಕಾಗುತ್ತದೆ. ಬುದ್ಧಿಹಲ್ಲು ಒತ್ತುವುದರಿಂದ ಮುಂದಿನ ಹಲ್ಲುಗಳು ಸೊಟ್ಟಗಾಗುತ್ತವೆಂಬ ಮಾತಿಗೆ ಮಾತ್ರ ಗಟ್ಟಿಯಾದ ಆಧಾರವಿಲ್ಲ.

ಒಳಗಿನ ಸ್ಥಿತಿಯನ್ನು ತಿಳಿಯಲು ಕ್ಷ-ಕಿರಣವೇ ಬೇಕು. ರಂಟ್‌ಗೆನ್ ಅದನ್ನು ಕಂಡುಹಿಡಿದದ್ದು ೧೮೯೫ರ ನವೆಂಬರಿನಲ್ಲಿ. ಮರು ಜನವರಿಯಲ್ಲೇ ಜರ್ಮನಿಯ ವಾಲ್ಕಾಫ್ ಎಂಬ ದಂತವೈದ್ಯ ತನ್ನ ಹಲ್ಲುಗಳ ಚಿತ್ರವನ್ನು ತಾನೇ ತೆಗೆದುಕೊಂಡ. ಇಪ್ಪತ್ತೈದು ನಿಮಿಷ ಅಲುಗಾಡದೆ ಇರಬೇಕಾಯಿತು! ಇಂದು ಇಡೀ ದವಡೆಯ ಚಿತ್ರಕ್ಕೆ ಹದಿನೈದು ಸೆಕೆಂಡಿನಷ್ಟು ಸಾಕು. ತಗಲುವ ವಿಕಿರಣ ಸುಮಾರು ೦.೦೨ ಮಿಲ್ಲಿಸೀವರ್ಟ್. ನೆಲ, ಗಾಳಿ, ಆಕಾಶಗಳಿಂದ ನಮಗೆ ವರ್ಷಕ್ಕೆ ಸರಾಸರಿ ೨.೪ ಮಿಲ್ಲಿಸೀವರ್ಟ್ ಹೇಗೂ ತಗಲುತ್ತದೆ. ಭಾಗಿಸಿದರೆ ಇದು ಮೂರು ದಿನದ ಪಾಲು.

ಆದರೆ ಈ ಚಿತ್ರ ಒಂದು ನೆರಳು ಎಂಬುದನ್ನು ಮರೆಯಬಾರದು. ಕೆಳದವಡೆಯ ಮೂಳೆಯೊಳಗೆ ಒಂದು ಕಾಲುವೆಯಿದ್ದು, ತುಟಿ ಮತ್ತು ಗದ್ದಕ್ಕೆ ಸ್ಪರ್ಶಜ್ಞಾನ ಕೊಡುವ ನರ ಅದರಲ್ಲಿ ಹರಿದಿದೆ. ಬುದ್ಧಿಹಲ್ಲಿನ ಬೇರು ಚಿತ್ರದಲ್ಲಿ ಆ ಕಾಲುವೆಯ ಮೇಲೆ ಬಿದ್ದಂತೆ ಕಂಡರೆ, ಬೇರು ನರವನ್ನು ಮುಟ್ಟಿದೆಯೋ ಅಥವಾ ದೂರದಲ್ಲಿದ್ದು ನೆರಳು ಮಾತ್ರ ಕೂಡಿದೆಯೋ? ಗೋಡೆಯ ಮುಂದೆ ಎರಡು ಪೆನ್ಸಿಲುಗಳನ್ನು ಒಂದರ ಹಿಂದೆ ಒಂದು ಹಿಡಿದು ದೀಪವನ್ನು ಬಲಕ್ಕೆ ಸರಿಸಿ ನೋಡಿ. ಎರಡು ನೆರಳೂ ಎಡಕ್ಕೆ ಸರಿಯುತ್ತವೆ; ದೀಪಕ್ಕೆ ಹತ್ತಿರವಿರುವುದರದು ಹೆಚ್ಚು ಸರಿಯುತ್ತದೆ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಗೊಣಗುತ್ತ ಮಾಡುವ ಪ್ಯಾರಲಾಕ್ಸ್ ಇದೇ. ಕಿರಣದ ಕೊಳವೆಯನ್ನು ಸರಿಸಿ ಎರಡು ಚಿತ್ರ ತೆಗೆದು ದಂತವೈದ್ಯರು ಹಿಂದು ಮುಂದನ್ನು ಗುರುತಿಸುವುದು ಹೀಗೆಯೇ. ಅಷ್ಟರಿಂದಲೂ ಸಂದೇಹ ಹೋಗದಿದ್ದರೆ ಮೂರು ಆಯಾಮದ ಸಿ.ಟಿ. ಚಿತ್ರವುಂಟು; ಅದಕ್ಕೆ ವಿಕಿರಣ ಹೆಚ್ಚಾದುದರಿಂದ ಎಲ್ಲರಿಗೂ ಬೇಡ.

ಇನ್ನು ತೀರ್ಮಾನದ ಮಾತು. ಹಲ್ಲು ದುರಸ್ತಿಯಾಗದಷ್ಟು ಹುಳುಕಾಗಿದ್ದರೆ, ಪಕ್ಕದ ಹಲ್ಲನ್ನು ಕೆಡಿಸುತ್ತಿದ್ದರೆ, ಸುತ್ತ ನೀರುಚೀಲ ಬೆಳೆದಿದ್ದರೆ ಕೀಳಿಸುವುದೇ ಸರಿ, ಇಲ್ಲಿ ವಾದವಿಲ್ಲ. ನೆಟ್ಟಗೆ ಹುಟ್ಟಿ, ಬ್ರಷ್ಷಿಗೆ ಎಟುಕುವ ಹಲ್ಲನ್ನು ಕೀಳಿಸಬೇಕಾಗಿಲ್ಲ, ಇಲ್ಲಿಯೂ ವಾದವಿಲ್ಲ. ವಾದವಿರುವುದು ಹೂತುಕೊಂಡು ತೆಪ್ಪಗಿರುವ ಹಲ್ಲಿನ ವಿಷಯದಲ್ಲಿ. ರೋಗವಿಲ್ಲದ ಇಂತಹ ಹಲ್ಲನ್ನು ಮುಂಜಾಗ್ರತೆಗೆಂದು ಕೀಳುವುದನ್ನು ನಿಲ್ಲಿಸಬೇಕೆಂದು ಬ್ರಿಟನ್ನಿನ ಆರೋಗ್ಯ ಸಂಸ್ಥೆಯೊಂದು ೨೦೦೦ದಲ್ಲಿ ಸೂಚಿಸಿತು. ಬಾವು ಮೊದಲ ಸಲ ಬಂದುದು ತೀವ್ರವಾಗಿರದಿದ್ದರೆ ಶಸ್ತ್ರಕ್ರಿಯೆ ಬೇಡ, ಮತ್ತೆ ಬಂದರೆ ಮಾಡಬಹುದು ಎಂದೂ ಹೇಳಿತು. ಅನಂತರ ಅಲ್ಲಿಯ ವೈದ್ಯರೇ ಕೆಲವರು, ಕೀಳಿಸಿಕೊಳ್ಳುವವರ ವಯಸ್ಸು ಏರಿದೆ, ಪಕ್ಕದ ಹಲ್ಲಿನ ಹುಳುಕು ಹೆಚ್ಚಿದೆ ಎಂದು ಆಕ್ಷೇಪಿಸಿದರು. ಆವರೆಗಿನ ಅಧ್ಯಯನಗಳನ್ನು ೨೦೨೦ರಲ್ಲಿ ಪರಿಶೀಲಿಸಿದ ಕಾಕ್ರೇನ್ ಸಮೀಕ್ಷೆ, ಎರಡರಲ್ಲಿ ಒಂದನ್ನು ಆರಿಸುವಷ್ಟು ಪುರಾವೆ ಇಲ್ಲವೆಂದಿತು. ನಮಗೆ ತೋರುವಂತೆ, ಇಂತಹ ಹಲ್ಲನ್ನು ಬಿಡುವುದು ತಪ್ಪಲ್ಲ. ಬಿಟ್ಟು ಮರೆತುಬಿಡುವುದು ತಪ್ಪು. ವರ್ಷಕ್ಕೊಮ್ಮೆಯಾದರೂ ತೋರಿಸಬೇಕು.

ಕೀಳಿಸುವುದಾದರೆ ಎಳೆಯ ವಯಸ್ಸಿನಲ್ಲಿ ಸುಲಭ. ಆಗ ಬೇರು ಪೂರ್ತಿ ಬೆಳೆದಿರುವುದಿಲ್ಲ, ಮೂಳೆ ಬಿರುಸಾಗಿರುವುದಿಲ್ಲ. ಹೂತ ಹಲ್ಲನ್ನು ಎಳೆದು ಕೀಳುವುದಿಲ್ಲ; ಸುತ್ತಲಿನ ಮೂಳೆಯನ್ನು ಸ್ವಲ್ಪ ಕೊರೆದು, ಹಲ್ಲನ್ನು ತುಂಡುಮಾಡಿ, ಸನ್ನೆಯಿಂದ ಮೀಟಿ ತೆಗೆಯುತ್ತಾರೆ. ಕೆಳಗಿನ ಹಲ್ಲು ತೆಗೆದ ಮೇಲೆ ನೂರರಲ್ಲಿ ಕೆಲವರಿಗೆ ತುಟಿ ಕೆಲಕಾಲ ಜೋಮು ಹಿಡಿದಂತಿರುತ್ತದೆ. ಅದು ಶಾಶ್ವತವಾಗಿ ಉಳಿಯುವುದು ನೂರರಲ್ಲಿ ಒಬ್ಬರಿಗಿಂತ ಕಡಮೆ. ಕಣ್ಣಿನ ಭಯಕ್ಕೆ ಆಧಾರವಿಲ್ಲ. ಹಲ್ಲಿನ ನೋವನ್ನು ಮಿದುಳಿಗೆ ಒಯ್ಯುವ ನರದ ಒಂದು ಕವಲು ಕಣ್ಣಿನ ಸುತ್ತಲೂ ಹರಡಿರುವುದರಿಂದ ನೋವು ಅಲ್ಲಿಯವರೆಗೆ ಸೆಳೆದಂತೆ ತೋರೀತು. ದೃಷ್ಟಿಯ ನರವೇ ಬೇರೆ.

ಊತ ಎರಡು ಮೂರನೆಯ ದಿನಕ್ಕೆ ಹೆಚ್ಚಿ ವಾರದೊಳಗೆ ಇಳಿಯುತ್ತದೆ. ಆದುದರಿಂದ ಪರೀಕ್ಷೆಯ ಹಿಂದಿನ ವಾರ ಇದಕ್ಕೆ ತಕ್ಕುದಲ್ಲ. ಹಾಸನದಲ್ಲಿ ಶ್ರೀ ಹಾಸನಾಂಬ ದಂತವೈದ್ಯ ಕಾಲೇಜು ಮತ್ತು ಆಸ್ಪತ್ರೆ ಇದೆ. ಹೊಳೆನರಸೀಪುರ, ಚನ್ನರಾಯಪಟ್ಟಣಗಳಿಂದ ರೈಲೂ ಉಂಟು, ಅರಕಲಗೂಡಿನವರು ಬಸ್ಸನ್ನೇ ನಂಬಬೇಕು. ನೋವಿಗೆ ಬೆಚ್ಚನೆಯ ಉಪ್ಪುನೀರು ಮುಕ್ಕಳಿಸಬಹುದು. ಲವಂಗದ ಎಣ್ಣೆ ನೋವನ್ನು ಮರೆಸುತ್ತದೆ, ರೋಗವನ್ನು ಕಳೆಯುವುದಿಲ್ಲ. ಹೊಗೆಸೊಪ್ಪು ಬೆಳೆಯುವ ಅರಕಲಗೂಡಿನ ಸೀಮೆಯಲ್ಲಿ ಅದರ ಚೂರನ್ನು ಹಲ್ಲಿನ ಬುಡಕ್ಕೆ ಒತ್ತಿಕೊಳ್ಳುವವರಿದ್ದಾರೆ. ಅದು ಬೇಡವೇ ಬೇಡ. ಹಲ್ಲು ತೆಗೆದ ಮೇಲೆ ಬೀಡಿ ಸಿಗರೇಟುಗಳೂ ಗಾಯ ಮಾಯುವುದನ್ನು ತಡೆಯುತ್ತವೆ. ಊತ ಗಂಟಲಿಗೆ ಇಳಿದು, ಜ್ವರ ಬಂದು, ನುಂಗುವುದು ಅಥವಾ ಉಸಿರಾಡುವುದು ಕಷ್ಟವಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಅದು ಪ್ರಾಣಕ್ಕೆ ಅಪಾಯ.

ನಮ್ಮ ವಿದ್ಯಾರ್ಥಿನಿಗೆ ಅದು ಎರಡನೆಯ ಸಲದ ಬಾವು. ಔಷಧಿಯಿಂದ ಅದು ಇಳಿಯಿತು, ಪರೀಕ್ಷೆ ಮುಗಿಯಿತು, ರಜೆಯಲ್ಲಿ ಕೆಳಗಿನ ಎಡದ ಹಲ್ಲನ್ನು ತೆಗೆಸಿಕೊಂಡಳು. ಕೆಳಗಿನ ಬಲದ್ದು ಹೂತಿದೆ, ತೆಪ್ಪಗಿದೆ. ಅದನ್ನು ಪ್ರತಿ ಬೇಸಗೆ ರಜೆಯಲ್ಲಿ ತೋರಿಸುತ್ತಾಳೆ. ಮೇಲಿನ ಎರಡೂ ನೆಟ್ಟಗೆ ಹುಟ್ಟಿವೆ.