ಕಬ್ಬಿಣ ಇಳಿದು ಹೋದ ದಾರಿ

ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ ಸೆವೆರ್ನ್ ನದಿ ಕಡಿದಾದ ಕಣಿವೆಯಲ್ಲಿ ಹರಿಯುತ್ತದೆ. ಆ ಕಣಿವೆಯ ಮೇಲುಭಾಗದಲ್ಲಿ, ಮರಗಳ ನಡುವೆ, ಹಳೆಯ ಕಾಲುವೆಯೊಂದರ ದಂಡೆಯಲ್ಲಿದೆ ಒಂದು ಕಬ್ಬಿಣದ ಕಾರ್ಖಾನೆ. ಈಗದು ಬಯಲು ವಸ್ತುಸಂಗ್ರಹಾಲಯ. ಒಳಹೊಕ್ಕವರಿಗೆ ಮೊದಲು ಸಿಗುವುದು ವಿಕ್ಟೋರಿಯಾ ಕಾಲದ ಪೇಟೆ: ಬ್ಯಾಂಕು, ಔಷಧಿ ಅಂಗಡಿ, ಮೇಣದಬತ್ತಿ ಮಾಡುವ ಮನೆ. ಚೆನ್ನಾಗಿವೆ. ನನಗೆ ಮಾತ್ರ ಕುಲುಮೆ ನೋಡುವ ಆತುರ.

ಇಟ್ಟಿಗೆ ಗೋಡೆಗಳ ಮುಂದೆ ನಿಂತಾಗ ಯಾವುದು ಏನೆಂದು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಎತ್ತರಕ್ಕೆ ನಿಂತಿರುವುದು ಗಾಳಿ ಊದುತ್ತಿದ್ದ ಎಂಜಿನ್ನುಗಳ ಮನೆ. ಊದುಕುಲುಮೆಗಳದ್ದು ಉಳಿದಿರುವುದು ಬುಡ ಮಾತ್ರ. 1832, 1840, 1844ರಲ್ಲಿ ಒಂದೊಂದಾಗಿ ಕಟ್ಟಿದ ಮೂರು ಕುಲುಮೆಗಳು 1912ರಲ್ಲಿ ತಣ್ಣಗಾದವು. ಇಲ್ಲಿಗೆ ಹತ್ತಿರದಲ್ಲೇ 1709ರಲ್ಲಿ ಇದ್ದಿಲಿನ ಬದಲು ಕಲ್ಲಿದ್ದಲಿನ ಕೋಕ್ ಉರಿಸಿ ಕಬ್ಬಿಣ ಕರಗಿಸಿದ್ದರು. ನಮ್ಮ ಭದ್ರಾವತಿಯ ಊದುಕುಲುಮೆ 1923ರಲ್ಲಿ ಹೊತ್ತಿಕೊಂಡದ್ದು ಮಲೆನಾಡಿನ ಮರದ ಇದ್ದಿಲಿನಿಂದ. ನೆಲದಡಿ ಕಲ್ಲಿದ್ದಲು ಇದ್ದವರಿಗೂ ಇಲ್ಲದವರಿಗೂ ಅಷ್ಟು ವ್ಯತ್ಯಾಸ.

ಮುಂದಿನದು ಮೆದುಕಬ್ಬಿಣದ ಶೆಡ್ಡು. ಕಟ್ಟಡ ವುಲ್ವಿಚ್ ಹಡಗುಕಟ್ಟೆಯಿಂದ ಬಿಚ್ಚಿ ತಂದದ್ದು, ಯಂತ್ರಗಳು ಬೋಲ್ಟನ್ ಊರಿನವು. ಇಲ್ಲಿ ಕಾಲು ಕೀಳಲಾಗಲಿಲ್ಲ. ಒಲೆಯ ಸಣ್ಣ ಬಾಗಿಲಿನಿಂದ ಉದ್ದನೆಯ ಕಬ್ಬಿಣದ ಸರಳು ತೂರಿಸಿ, ಕರಗಿದ ಬೀಡನ್ನು ಒಬ್ಬ ಆಳು ಕಲಕುತ್ತಲೇ ಇರಬೇಕಿತ್ತು. ಇಂಗಾಲ ಉರಿದುಹೋದಂತೆ ಅದು ಅದೇ ಬೆಂಕಿಯಲ್ಲೇ ಗಟ್ಟಿಯಾಗುತ್ತ ಬರುತ್ತದೆ, ಕಲಕುವುದು ಕ್ಷಣಕ್ಷಣಕ್ಕೂ ಕಷ್ಟವಾಗುತ್ತದೆ. ಆಮೇಲೆ ಅದನ್ನು ಉಂಡೆಗಳಾಗಿ ಒಡೆದು ಹೊರಗೆಳೆದು, ಉಗಿ ಸುತ್ತಿಗೆಯಡಿ ಜಜ್ಜಿ ಕಿಟ್ಟ ಹಿಂಡಿ, ಉರುಳೆಗಳ ನಡುವೆ ಸರಳಾಗಿ ಎಳೆಯುತ್ತಿದ್ದರು. ಇಂಥ ಕಬ್ಬಿಣವನ್ನು ಮುರಿದರೆ ಸೀಳಿದ ಬಿದಿರಿನ ಹಾಗೆ ನಾರು ನಾರಾಗಿ ಕಾಣುತ್ತದೆ. ಉಳಿದ ಕಿಟ್ಟದ ಎಳೆಗಳೇ ಆ ನಾರು. ಬೆಂಕಿಯಿಲ್ಲದ ಆ ಬಾಗಿಲಿಗೆ ಬಗ್ಗಿ ನೋಡಿದೆ. ತೋಳಿನ ಬಲ, ಕಣ್ಣಿನ ಅಂದಾಜು ಇವೆರಡರಿಂದಲೇ ಒಬ್ಬ ಮನುಷ್ಯ ಹದ ಹಿಡಿಯುತ್ತಿದ್ದನೆಂದರೆ ನಂಬುವುದು ಕಷ್ಟ.

ಅಲ್ಲಿಂದ ಕಾಲುವೆಯ ದಡ ಹಿಡಿದೆ. ನೀರು ಅಲುಗುವುದಿಲ್ಲ, ಅಗಲವೂ ಹೆಚ್ಚಿಲ್ಲ. ಇದರಲ್ಲಿ ಓಡಾಡುತ್ತಿದ್ದದ್ದು ಐದು ಟನ್ ಹೊರುವ ಆಯತಾಕಾರದ ತೊಟ್ಟಿದೋಣಿಗಳು. ಒಂದರ ಹಿಂದೊಂದು ಕಟ್ಟಿ ಕುದುರೆಯಿಂದ ಎಳೆಸುತ್ತಿದ್ದರು.

ಕಾಲುವೆ ಒಂದು ಕಡೆ ಥಟ್ಟನೆ ಮುಗಿಯುತ್ತದೆ. ಮುಂದೆ ಕಡಿದಾದ ಇಳಿಜಾರು, ಅದರ ಮೇಲೆ ಎರಡು ಸಾಲು ಹಳಿ, ತಳದಲ್ಲಿ ಇನ್ನೊಂದು ಕಾಲುವೆ. ಎತ್ತರದ ವ್ಯತ್ಯಾಸ 207 ಅಡಿ. ತುಂಬಿದ ದೋಣಿಯನ್ನು ಚಕ್ರದ ಬಂಡಿಯ ಮೇಲೆ ಕೂರಿಸಿ ಕೆಳಕ್ಕೆ ಬಿಟ್ಟರೆ, ಅದರ ಭಾರವೇ ಹಗ್ಗದ ಇನ್ನೊಂದು ತುದಿಯ ದೋಣಿಯನ್ನು ಮೇಲಕ್ಕೆ ಎಳೆಯುತ್ತಿತ್ತು. ನಾಲ್ಕು ಜನರಿಗೆ ನಾಲ್ಕು ನಿಮಿಷದ ಕೆಲಸ. ನೀರಿನ ಮಟ್ಟ ಏರಿಳಿಸುವ ಬಾಗಿಲುಗಳನ್ನೇ ನೆಚ್ಚಿದ್ದರೆ ಇಪ್ಪತ್ತೇಳು ಬೇಕಾಗುತ್ತಿತ್ತು, ಮೂರು ಗಂಟೆ ಹಿಡಿಯುತ್ತಿತ್ತು. 1790ರ ದಶಕದ ಈ ಏರ್ಪಾಡು ಸುಮಾರು ನೂರು ವರ್ಷ, 1894ರವರೆಗೆ ದುಡಿಯಿತು.

ಈ ಇಳಿಜಾರು ವಸ್ತುಸಂಗ್ರಹಾಲಯದ ಬಾಗಿಲಿನಿಂದ ದೂರ. ಪೇಟೆಯಲ್ಲೇ ಹೊತ್ತು ಕಳೆದವರು ಇಲ್ಲಿಯವರೆಗೆ ಬಾರದೆ ಹೋಗಬಹುದು. ಹೋಗುವವರಿದ್ದರೆ ಮೊದಲು ಇಲ್ಲಿಗೇ ಬನ್ನಿ, ಮೇಲೆ ನಿಂತು ಹಳಿಗಳನ್ನು ತಳದವರೆಗೂ ನೋಡಿ, ಆಮೇಲೆ ಕುಲುಮೆಯ ಕಡೆ ತಿರುಗಿ.