ಲಾವಾದ ಅಡಿಯ ಮೊಟ್ಟೆಗಳು

ನರ್ಮದಾ ಕಣಿವೆಯ ಹಲವೆಡೆ ದಖ್ಖನ್ ಲಾವಾದ ಕಪ್ಪು ಬಂಡೆಯ ಕೆಳಗೆ ಮರಳು, ಜೇಡಿ, ಸುಣ್ಣ ಬೆರೆತ ತೆಳುವಾದ ಶಿಲಾಪದರವೊಂದು ಕಾಣುತ್ತದೆ. ಜಬಲ್ಪುರದ ಬಳಿಯ ಲಮೇಟಾ ಘಾಟಿನಿಂದಾಗಿ ಅದಕ್ಕೆ ಲಮೇಟಾ ಪದರವೆಂದೇ ಹೆಸರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ನೆಲವನ್ನು ಮುಚ್ಚುವ ಮೊದಲು ಇಲ್ಲಿ ಬಾಳಿದ ಡೈನೋಸಾರ್‌ಗಳ ಮೂಳೆ, ಮೊಟ್ಟೆಗಳು ಅದರಲ್ಲಿ ಉಳಿದುಕೊಂಡಿವೆ.

ಮೊದಲ ಮೂಳೆಗಳು ಸಿಕ್ಕಿದ್ದು 1828ರಲ್ಲಿ, ಜಬಲ್ಪುರದ ಬಡಾ ಸಿಮ್ಲಾ ಗುಡ್ಡದಲ್ಲಿ. ಹೆಕ್ಕಿದವನು ಮುಂದೆ ಠಗ್ಗರನ್ನು ಹತ್ತಿಕ್ಕಿ ಹೆಸರಾದ ಸೇನಾಧಿಕಾರಿ ವಿಲಿಯಂ ಸ್ಲೀಮನ್. ಡೈನೋಸಾರ್ ಎಂಬ ಪದವೇ ಆಗ ಹುಟ್ಟಿರಲಿಲ್ಲ. ಅದು ಬಂದದ್ದು 1842ರಲ್ಲಿ. ಜಬಲ್ಪುರದ ಬಾಲದ ಮೂಳೆಗಳಿಗೆ ಪಳೆಯುಳಿಕೆ ತಜ್ಞ ರಿಚರ್ಡ್ ಲೈಡೆಕರ್ 1877ರಲ್ಲಿ ಟೈಟಾನೊಸಾರಸ್ ಇಂಡಿಕಸ್ ಎಂದು ಹೆಸರಿಟ್ಟರು. ಉದ್ದ ಕತ್ತಿನ ಸಸ್ಯಾಹಾರಿಗಳ ದೊಡ್ಡದೊಂದು ಗುಂಪಿಗೆ ಜಗತ್ತಿನಾದ್ಯಂತ ಇಂದಿಗೂ ಟೈಟಾನೊಸಾರ್ ಎಂಬ ಹೆಸರೇ ನಿಂತಿದೆ. ವಿಚಿತ್ರವೆಂದರೆ, ಒಂದು ಪ್ರಾಣಿಯನ್ನು ಬೇರೆಯೆಂದು ಗುರುತಿಸುವಂಥ ಲಕ್ಷಣವೇ ಆ ಮೂಲ ಮೂಳೆಗಳಲ್ಲಿ ಇಲ್ಲವೆಂದು ತಜ್ಞರು ಈಗ ಮೂಲ ಹೆಸರನ್ನೇ ಸಂದೇಹದ ಪಟ್ಟಿಗೆ ಸೇರಿಸಿದ್ದಾರೆ. ಮೂಳೆಗಳೂ ದಶಕಗಳ ಕಾಲ ಕಾಣೆಯಾಗಿದ್ದವು. ಅವುಗಳಲ್ಲೊಂದು 2012ರಲ್ಲಿ ಕೋಲ್ಕತ್ತದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಂಗ್ರಹದಲ್ಲೇ ಪತ್ತೆಯಾಯಿತು.

ಗುಜರಾತಿನ ರಹಿಯೋಲಿಯಲ್ಲಿ 1980ರ ದಶಕದಲ್ಲಿ ಇದೇ ಸಂಸ್ಥೆಯವರು ಕಲೆಹಾಕಿದ ಮೂಳೆಗಳಿಂದ ತಲೆಯ ಮೇಲೆ ಗಿಡ್ಡ ಕೊಂಬಿದ್ದ ಮಾಂಸಾಹಾರಿಯೊಂದರ ರೂಪ ಸಿಕ್ಕಿತು. 2003ರಲ್ಲಿ ಅದು ರಾಜಾಸಾರಸ್ ನರ್ಮದೆನ್ಸಿಸ್ ಆಯಿತು. ಮಡಗಾಸ್ಕರಿನ ಮಜುಂಗಾಸಾರಸ್ ಇದರ ನಂಟ. ಒಂದು ಕಾಲಕ್ಕೆ ಎರಡೂ ನೆಲಗಳು ಅಂಟಿಕೊಂಡಿದ್ದುದಕ್ಕೆ ಇಂಥ ನಂಟುಗಳು ಹೊಂದುತ್ತವೆ.

ಆದರೆ ಲಮೇಟಾದ ನಿಜವಾದ ಸಂಪತ್ತು ಮೊಟ್ಟೆಗಳು. ಪೂರ್ತಿ ಅಸ್ಥಿಪಂಜರ ಇಲ್ಲಿ ಅಪರೂಪ, ಗೂಡುಗಳು ಮಾತ್ರ ಹೇರಳ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಗುರುತಿಸಿದ 92 ಗೂಡು, 256 ಮೊಟ್ಟೆಗಳ ವಿವರ 2023ರಲ್ಲಿ ಪ್ರಕಟವಾಯಿತು. ಗೂಡುಗಳು ಒತ್ತೊತ್ತಾಗಿರುವುದರಿಂದ ತಾಯಿ ಪ್ರಾಣಿಗಳು ಕಾವಲಿಗೆ ನಿಲ್ಲದೆ ಮೊಟ್ಟೆಯಿಟ್ಟು ಹೊರಟಿರಬೇಕೆಂಬುದು ಸಂಶೋಧಕರ ಊಹೆ. ಅದೇ ಜಿಲ್ಲೆಯ ಪಾಡಲ್ಯಾ ಗ್ರಾಮದಲ್ಲಿ ಇಂಥ ದುಂಡು ಕಲ್ಲುಗಳಿಗೆ ಹೊಲ, ದನಗಳನ್ನು ಕಾಯುವ ಕಾಕಡ್ ಭೈರವನೆಂದು ಪೂಜೆ ನಡೆಯುತ್ತಿತ್ತು.

ಕಾವಲಿಲ್ಲದ ಗೂಡಿಗೆ ಒದಗುತ್ತಿದ್ದ ಅಪಾಯ ಗುಜರಾತಿನ ಧೋಳಿ ಡುಂಗ್ರಿಯ ಒಂದು ಕಲ್ಲಿನಲ್ಲಿ ಅಚ್ಚೊತ್ತಿದೆ. ಭೂವಿಜ್ಞಾನಿ ಧನಂಜಯ ಮೊಹಬೆ 1980ರ ದಶಕದಲ್ಲಿ ಇದನ್ನು ತೆಗೆದಾಗ ಮೊಟ್ಟೆಗಳ ಪಕ್ಕದ ಮೂಳೆಗಳೆಲ್ಲ ಡೈನೋಸಾರ್ ಮರಿಯವೆಂದೇ ಎಣಿಸಲಾಗಿತ್ತು. 2001ರಲ್ಲಿ ಪಳೆಯುಳಿಕೆ ತಜ್ಞ ಜೆಫ್ರಿ ವಿಲ್ಸನ್ ಅವುಗಳ ನಡುವೆ ಹಾವಿನ ಬೆನ್ನುಮೂಳೆಗಳನ್ನು ಗುರುತಿಸಿದರು. ಸುಮಾರು 3.5 ಮೀಟರ್ ಉದ್ದದ ಹಾವು ಒಡೆದ ಮೊಟ್ಟೆಯೊಂದಕ್ಕೆ ಸುತ್ತಿಕೊಂಡಿದೆ, ಪಕ್ಕದಲ್ಲೇ ಅರ್ಧ ಮೀಟರಿನ ಮರಿಯ ಅವಶೇಷ. ಈಗಿನ ಹೆಬ್ಬಾವಿನಷ್ಟು ಅಗಲವಾಗಿ ಬಾಯಿಯನ್ನು ಹಿಗ್ಗಿಸಲಾಗದ ಈ ಹಾವು ಮೊಟ್ಟೆಯನ್ನು ಬಿಟ್ಟು ಆಗಷ್ಟೇ ಹೊರಬಂದ ಮರಿಗೆ ಹೊಂಚು ಹಾಕುತ್ತಿದ್ದಿರಬೇಕು. ಅಷ್ಟರಲ್ಲಿ ಕುಸಿದ ಮರಳು, ಕೆಸರು ಎಲ್ಲವನ್ನೂ ಮುಚ್ಚಿತೆಂದು ಊಹೆ. 2010ರಲ್ಲಿ ಹಾವಿಗೆ ಸನಜೇಹ್ ಇಂಡಿಕಸ್ ಎಂಬ ಹೆಸರು ಬಂತು.

ಕರ್ನಾಟಕದಲ್ಲಿ ಇಂಥ ಗೂಡುಗಳು ಏಕಿಲ್ಲವೆಂಬುದಕ್ಕೆ ಉತ್ತರ ಶಿಲೆಯ ವಯಸ್ಸಿನಲ್ಲಿದೆ. ರಾಜ್ಯದ ಬಹುಪಾಲು ನೆಲದ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಡೈನೋಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಆ ಕಾಲದ ಗುರುತು ಉತ್ತರದ ಲಾವಾ ಸೀಮೆಯಲ್ಲಷ್ಟೇ ಸಿಗಬಹುದು. ಹಳೆಯ ಗುಲಬರ್ಗಾ ಜಿಲ್ಲೆಯಲ್ಲಿ ಲಾವಾ ಹೊದಿಕೆಗಳ ನಡುವಿನ ಕೆಸರುಪದರಗಳಿಂದ ಆ ಯುಗದ ಸಿಹಿನೀರಿನ ಆಸ್ಟ್ರಕೋಡ್‌ಗಳು, ಅಂದರೆ ಚಿಪ್ಪಿನೊಳಗೆ ಬದುಕುವ ಅತಿ ಪುಟ್ಟ ಜಲಚರಗಳು, ದೊರೆತಿವೆ.