ಸೌಂಡ್ ಒಂದೇ ಪದವಲ್ಲ

ವಿಲ್ ಬರೆಸುವವರು ‘ಸೌಂಡ್ ಮೈಂಡ್’ನಲ್ಲಿರಬೇಕು ಎನ್ನುತ್ತದೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದೇ ಮನೆಯಲ್ಲಿ ಟಿವಿ ಜೋರಾದರೆ ‘ಸೌಂಡ್ ಕಮ್ಮಿ ಮಾಡೋ’ ಎಂದು ಕೂಗುತ್ತೇವೆ. ಗಂಡಿನ ಕಡೆಯವರು ‘ಸೌಂಡ್ ಪಾರ್ಟಿ’ ಎಂದರೆ ದುಡ್ಡಿದ್ದವರು. ಸದ್ದಿಗೂ ಸ್ವಸ್ಥ ಮನಸ್ಸಿಗೂ ಏನು ನಂಟು? ಏನೂ ಇಲ್ಲ. ಕನ್ನಡದಲ್ಲಿ ಎಣಿಸುವ ‘ಹತ್ತು’ ಬೇರೆ, ಮರ ‘ಹತ್ತು’ವುದು ಬೇರೆ, ಇದೂ ಹಾಗೆಯೇ.

ಸದ್ದಿನ ಸೌಂಡ್ ಲ್ಯಾಟಿನ್ನಿನ ‘ಸೊನುಸ್’ನಿಂದ ಫ್ರೆಂಚ್ ಮೂಲಕ ಬಂದದ್ದು. ಬಂದಾಗ ಅದು ಬರೀ ‘ಸೂನ್’. ಕೊನೆಯ ‘ಡ್’ ಜನರ ನಾಲಿಗೆಯ ಮೇಲೆ ಆಮೇಲೆ ಅಂಟಿಕೊಂಡಿತು. ಅದು ಅಂಟದೇ ಹೋಗಿದ್ದರೆ ಈ ಗೊಂದಲ ಎಷ್ಟೋ ಕಮ್ಮಿಯಾಗುತ್ತಿತ್ತು.

ಆರೋಗ್ಯದ ಸೌಂಡ್ ಜರ್ಮನ್ ಭಾಷೆಯ ಬಳಗದ್ದು. ಯಾರಾದರೂ ಸೀನಿದರೆ ಜರ್ಮನರು ಇಂದಿಗೂ ‘ಗೆಜುಂಟ್‌ಹೈಟ್’, ಅಂದರೆ ಆರೋಗ್ಯ, ಎನ್ನುತ್ತಾರೆ. ಮಗು ಸೀನಿದೊಡನೆ ನಮ್ಮ ಅಜ್ಜಿಯರು ‘ನೂರು ವರ್ಷ ಬಾಳು’ ಎನ್ನುವ ಹಾಗೆ. ಆ ‘ಗೆಜುಂಟ್’ ಈ ಸೌಂಡಿನ ಒಡಹುಟ್ಟು. ‘ಸೌಂಡ್ ಸ್ಲೀಪ್’ ಎಂಬ ಗಾಢ ನಿದ್ದೆಯೂ ಇದರದೇ ಕುಡಿ.

ಮೂರನೆಯ ಸೌಂಡ್ ಎಂದರೆ ಜಲಸಂಧಿ. ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಜಲಸಂಧಿಯನ್ನು ಇಂಗ್ಲಿಷರು ‘ದ ಸೌಂಡ್’ ಎಂದೇ ಕರೆದರು. ಅಲ್ಲಿಯವರಿಗೆ ಅದು ಓರೆಸುಂಡ್. ಹಳೆಯ ನಾರ್ಸ್ ಭಾಷೆಯಲ್ಲಿ ‘ಸುಂಡ್’ ಎಂದರೆ ಈಜು ಎಂದೂ ಅರ್ಥ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಳ ಅಳೆಯುವ ಸೌಂಡ್. ಇದು ಫ್ರೆಂಚಿನ ‘ಸೊಂಡೆ’ಯಿಂದ ಬಂತು. ಇದಕ್ಕೂ ಜಲಸಂಧಿಯ ಸೌಂಡಿಗೂ ನೆಂಟಸ್ತಿಕೆ ಇರಬಹುದೆಂದು ನಿಘಂಟುಕಾರರ ಊಹೆ. ಹಿಂದೆ ಹಡಗಿನವರು ಸೀಸದ ಗುಂಡಿಗೆ ಹಗ್ಗ ಕಟ್ಟಿ ನೀರಿಗೆ ಬಿಡುತ್ತಿದ್ದರು. ಹಗ್ಗದುದ್ದಕ್ಕೂ ತೊಗಲು ಮತ್ತು ಬಗೆಬಗೆಯ ಬಟ್ಟೆ ತುಂಡುಗಳ ಗುರುತು. ಕತ್ತಲಲ್ಲೂ ಬೆರಳಿನಿಂದ ಮುಟ್ಟಿ ಎಷ್ಟು ಮಾರು ಎಂದು ಹೇಳಬಹುದಿತ್ತು. ಗುಂಡಿನ ತಳದ ಕುಳಿಗೆ ಕೊಬ್ಬು ಮೆತ್ತುತ್ತಿದ್ದರು. ಮೇಲೆಳೆದಾಗ ಅದಕ್ಕೆ ಅಂಟಿದ ಮರಳನ್ನೋ ಚಿಪ್ಪಿನ ಚೂರನ್ನೋ ನೋಡಿ ತಳ ಎಂಥದೆಂದು ತಿಳಿಯುತ್ತಿದ್ದರು. ಮಿಸಿಸಿಪ್ಪಿ ನದಿಯ ಹಡಗುಗಳಲ್ಲಿ ಎರಡು ಮಾರು, ಅಂದರೆ 12 ಅಡಿ ನೀರಿದ್ದರೆ ‘ಮಾರ್ಕ್ ಟ್ವೇನ್’ ಎಂದು ಕೂಗುತ್ತಿದ್ದರು. ಅಲ್ಲಿ ಹಡಗು ನಡೆಸಿದ್ದ ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಆ ಕೂಗನ್ನೇ ಕಾವ್ಯನಾಮ ಮಾಡಿಕೊಂಡ. 1875ರಲ್ಲಿ ಬ್ರಿಟನ್ನಿನ ಚಾಲೆಂಜರ್ ಹಡಗು ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ಬಳಿ ಹಗ್ಗ ಇಳಿಬಿಟ್ಟಾಗ ಸಿಕ್ಕಿದ್ದು 4475 ಮಾರು ಆಳ, ಅಂದರೆ 8 ಕಿಲೋಮೀಟರಿಗೂ ಹೆಚ್ಚು.

ಈಗ ಹಗ್ಗದ ಬದಲು ಎಕೋ ಸೌಂಡರ್ ಬಂದಿದೆ. ಅದು ನೀರಿನೊಳಗೆ ಸದ್ದು ಕಳುಹಿಸಿ, ಮರುದನಿ ತಿರುಗಿ ಬರಲು ಹಿಡಿದ ಹೊತ್ತಿನಿಂದ ಆಳ ಲೆಕ್ಕ ಹಾಕುತ್ತದೆ. ಸದ್ದಿನಿಂದ ಕೆಲಸ ಮಾಡುವುದರಿಂದಲೇ ಆ ಹೆಸರು ಎಂದು ಯಾರಿಗಾದರೂ ಅನ್ನಿಸೀತು. ಅಲ್ಲ, ಅಲ್ಲಿರುವುದು ಹಗ್ಗದ ಕಾಲದ ಆಳದ ಸೌಂಡೇ.

ದೊಡ್ಡ ಇಂಗ್ಲಿಷ್ ನಿಘಂಟುಗಳು ಈ ಪದವನ್ನು 1, 2, 3 ಎಂದು ಅಂಕಿ ಹಾಕಿ ಬೇರೆ ಬೇರೆ ನಮೂದಾಗಿ ಕೊಡುತ್ತವೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಆ ಪುಟ ತೆಗೆದು ಒಮ್ಮೆ ತೋರಿಸಿ.